ಹಾಳಾದ ಫ್ರೇಮು

ಶಿವಮೊಗ್ಗದ ನಮ್ಮ ಮನೆಯ ಹಾಲಿನಲ್ಲಿ ಎರಡು ವರ್ಷ ಅಜ್ಜಿಯ ಒಂದು ಫೋಟೋ ತೂಗುತ್ತಿತ್ತು. ಹಾರ ಸರಿಸಿ ನೋಡಿದರೆ ಅಜ್ಜಿಯ ಎಡಭುಜದ ಪಕ್ಕ ಒಂದು ಚೂರು ಹಸಿರು ರೇಷ್ಮೆ ಕಾಣುತ್ತಿತ್ತು. ಅದು ಅಜ್ಜಿಯ ಸೀರೆಯಲ್ಲ. ಚಿಕ್ಕಪ್ಪನ ಮದುವೆಯ ಗ್ರೂಪ್ ಫೋಟೋದಲ್ಲಿ ಅಜ್ಜಿಯ ಪಕ್ಕ ನಿಂತಿದ್ದ ಯಾರದೋ ಸೀರೆ. ಯಾರದು ಅಂತ ಇವತ್ತಿಗೂ ಗೊತ್ತಿಲ್ಲ.

ಅಜ್ಜಿ ತೀರಿಕೊಂಡ ಮೂರನೇ ದಿನ ಚಿಕ್ಕಪ್ಪ ಕೇಳಿದ್ದರು, 'ಕಾರ್ಯಕ್ಕೆ ಇಡೋಕೆ ಅಮ್ಮಂದು ಒಂದು ಒಳ್ಳೇ ಫೋಟೋ ಇದೆಯೇನೋ?' ಕೇಳಿದ್ದು ನನ್ನನ್ನೇ. ನಮ್ಮ ವಂಶದಲ್ಲಿ ಇಎಂಐ ಕಟ್ಟಿ ಡಿಎಸ್‌ಎಲ್‌ಆರ್ ತಗೊಂಡವನು ನಾನೊಬ್ಬನೇ ತಾನೆ?

ನನ್ನ ಹಾರ್ಡ್ ಡಿಸ್ಕಿನಲ್ಲಿ ಏನೇನಿತ್ತು ಹೇಳ್ತೀನಿ ಕೇಳಿ. ಮಂಡಗದ್ದೆಯ ಬೆಳ್ಳಕ್ಕಿಗಳು ಆರುನೂರಕ್ಕೂ ಹೆಚ್ಚು. ಜೋಗ, ಮಳೆಗಾಲದ್ದು ಬೇರೆ ಬೇಸಿಗೆಯದು ಬೇರೆ. ಸಕ್ರೆಬೈಲಿನ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮೀಯುವುದು, ಮೂರು ಕೋನದಿಂದ. ತೇಜಸ್ವಿಯವರ ಹಕ್ಕಿ ಫೋಟೋಗಳನ್ನು ನೋಡಿ ಹುಚ್ಚು ಹಿಡಿಸಿಕೊಂಡವನು ನಾನು. ಅವರ ತಾಳ್ಮೆ ಮಾತ್ರ ಬರಲಿಲ್ಲ, ಲೆನ್ಸು ಬಂತು. ಅಜ್ಜಿ ಇದ್ದದ್ದು ಒಂದೇ ಫೋಟೋದಲ್ಲಿ. ಅಕ್ಕನ ಮಗಳ ಬರ್ತ್‌ಡೇ ಕೇಕಿನ ಹಿಂದೆ, ಬೆನ್ನು ತೋರಿಸಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು.

ಒಂದು ಸಲ ಅಜ್ಜಿಯೇ ಕೇಳಿದ್ದಳು, 'ಅಷ್ಟು ದೊಡ್ಡ ಕ್ಯಾಮೆರಾ ತಂದಿದೀಯ, ನನ್ನದೊಂದು ತೆಗಿಯೋ. ಸೀರೆ ಬದಲಾಯಿಸ್ಕೊಂಡು ಬರ್ತೀನಿ.' ಬದಲಾಯಿಸಿಕೊಂಡೂ ಬಂದಳು. ನಾನು ಆಕಾಶ ನೋಡಿ, 'ಈಗ ಬೆಳಕು ಸರಿಯಿಲ್ಲ ಅಜ್ಜಿ, ಸಂಜೆ ತೆಗಿತೀನಿ' ಅಂದೆ. ಸಂಜೆ ಬಸ್ಸಿಗೆ ಲೇಟಾಯಿತು.

ಆ ಸೀರೆಯುಟ್ಟು ಅವಳು ಎಷ್ಟು ಹೊತ್ತು ಕೂತಿದ್ದಳೋ, ನಾನು ಯಾರನ್ನೂ ಕೇಳಲಿಲ್ಲ.

ಕಳೆದ ದಸರಾಕ್ಕೆ ಊರಿಗೆ ಹೋದಾಗ ಅಮ್ಮ ಅಟ್ಟ ಖಾಲಿ ಮಾಡಿಸುತ್ತಿದ್ದಳು. ಅಪ್ಪ ರಿಟೈರಾಗಿ ಭದ್ರಾವತಿ ನ್ಯೂಟೌನಿನ ಕ್ವಾರ್ಟರ್ಸ್ ಬಿಟ್ಟಾಗ ಕಟ್ಟಿ ತಂದಿದ್ದ ಟ್ರಂಕು, ಆಮೇಲೆ ಬಿಚ್ಚೇ ಇರಲಿಲ್ಲ. ಅದರೊಳಗೆ ಕಾರ್ಖಾನೆಯ ಹಳೇ ಪಾಸು, ನನ್ನ ಮಾರ್ಕ್ಸ್ ಕಾರ್ಡು, ಬಟ್ಟೆಯಲ್ಲಿ ಸುತ್ತಿದ ಒಂದು ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ.

ಬರೋಡಾದಲ್ಲಿ ತಯಾರಾಗುತ್ತಿದ್ದ ಈ ಪ್ಲಾಸ್ಟಿಕ್ ಡಬ್ಬಿ ಒಂದು ಕಾಲದಲ್ಲಿ ಎಷ್ಟೋ ಮಧ್ಯಮವರ್ಗದ ಮನೆಗಳ ಮೊದಲ ಕ್ಯಾಮೆರಾ. ಫೋಕಸ್ ತಿರುಗಿಸುವ ಕೆಲಸ ಇಲ್ಲ, ಬ್ಯಾಟರಿ ಇಲ್ಲ. ಬಿಸಿಲು ಅಂತ ಒಂದು ಗುರುತು, ಮೋಡ ಅಂತ ಒಂದು ಗುರುತು. ಒಂದು ರೀಲಿಗೆ ಹನ್ನೆರಡು ಫೋಟೋ. ಹತ್ತಡಿಗಿಂತ ಹತ್ತಿರ ಹೋದರೆ ಮುಖ ಮಬ್ಬು. ಹಾಗಾಗಿ ನಮ್ಮ ಆಲ್ಬಮ್ಮಿನಲ್ಲಿ ಎಲ್ಲರೂ ತಲೆಯಿಂದ ಕಾಲಿನವರೆಗೆ ಇದ್ದಾರೆ, ಮುಖ ಮಾತ್ರ ಕಡಲೆಕಾಳಿನಷ್ಟು. ಸೂರ್ಯ ತೆಗೆಯುವವನ ಬೆನ್ನ ಹಿಂದಿರಬೇಕು ಅಂತ ಆಗಿನ ನಿಯಮ. ಅದಕ್ಕೇ ಎಲ್ಲರ ಕಣ್ಣೂ ಕಿರಿದು. ನಮ್ಮ ವಂಶದವರ ಕಣ್ಣೇ ಸಣ್ಣ ಅಂದುಕೊಂಡಿದ್ದೆ ನಾನು.

ಇಂಥ ಡಬ್ಬಿ ಕ್ಯಾಮೆರಾಗಳ ತಾಯಿಬೇರು ಕೊಡಾಕ್ ಕಂಪನಿಯ ಬ್ರೌನಿ. 1900ರಲ್ಲಿ ಬಂದಾಗ ಅದರ ಬೆಲೆ ಒಂದು ಡಾಲರ್. ಮಕ್ಕಳೂ ಫೋಟೋ ತೆಗೆಯಲಿ ಅಂತ ಮಾಡಿದ್ದು. ಮರುವರ್ಷ ಬಂದ ಎರಡನೇ ಬ್ರೌನಿಗಾಗಿ ಮಾಡಿದ 120 ಅಳತೆಯ ರೀಲನ್ನೇ ಅಪ್ಪನ ಕ್ಲಿಕ್ ತ್ರೀಗೂ ಹಾಕುತ್ತಿದ್ದದ್ದು. ಆ ರೀಲು ಈಗಲೂ ಮಾರಾಟಕ್ಕಿದೆ.

ಟ್ರಂಕಿನ ತಳದಲ್ಲಿ ಒಂದು ಕವರಿನಲ್ಲಿ ನೆಗೆಟಿವ್‌ಗಳಿದ್ದವು. ಒಂದೊಂದೂ ಆರು ಸೆಂಟಿಮೀಟರ್ ಚೌಕ. ನಮ್ಮ ಫೋನಿನ ಸೆನ್ಸರ್ ಕಿರುಬೆರಳ ಉಗುರಿನಷ್ಟಿದ್ದರೆ ಹೆಚ್ಚು. ಅಂದರೆ ಕ್ಯಾಮೆರಾ ಬಡಪಾಯಿಯಾದರೂ ನೆಗೆಟಿವ್ ಶ್ರೀಮಂತ. ಕಿಟಕಿಗೆ ಹಿಡಿದು ನೋಡಿದೆ. ಒಂದರಲ್ಲಿ ಯಾರೋ ಹೆಂಗಸು, ಕೈಯಲ್ಲಿ ಏನೋ ಅಗಲವಾದದ್ದು. ಈ ಫೋಟೋ ಆಲ್ಬಮ್ಮಿನಲ್ಲಿ ನೋಡಿದ ನೆನಪಿಲ್ಲ.

ಸ್ಕ್ಯಾನರ್ ಎಲ್ಲಿ ತರೋದು? ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆದು ಬ್ರೈಟ್‌ನೆಸ್ ಪೂರ್ತಿ ಏರಿಸಿದೆ. ಪರದೆಗೆ ತಾಗಿಸಿ ಇಟ್ಟರೆ ಅದರ ಚುಕ್ಕಿಗಳೂ ಫೋಟೋದಲ್ಲಿ ಬರುತ್ತವೆ. ಅದಕ್ಕೆ ಎರಡು ಲೋಟ ಇಟ್ಟು, ಮೇಲೊಂದು ಗಾಜಿನ ಚೂರು, ಅದರ ಮೇಲೆ ಅಂಚು ಹಿಡಿದು ನೆಗೆಟಿವ್. ಕೋಣೆಯ ಲೈಟು ಆರಿಸಿದೆ. ಫೋನಿನ ಲೆನ್ಸು ಅಂಗಿಯ ತುದಿಯಿಂದ ಒರೆಸಿದೆ (ಇದೊಂದು ಅಭ್ಯಾಸ ಮಾಡಿಕೊಳ್ಳಿ, ನಿಮ್ಮ ಅರ್ಧ ಫೋಟೋಗಳ ಮಂಜು ಹೋಗುತ್ತೆ). ನೇರ ಮೇಲಿಂದ ಕ್ಲಿಕ್ಕಿಸಿ, ಆ್ಯಪಿನಲ್ಲಿ ಬಣ್ಣ ತಿರುಗುಮುರುಗು ಮಾಡಿದೆ. ಕಪ್ಪು ಬಿಳಿಯಾಯಿತು, ಬಿಳಿ ಕಪ್ಪಾಯಿತು.

ಅಜ್ಜಿ.

ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ, ನೆರಳಿನಲ್ಲಿ ಕೂತಿದ್ದಾಳೆ. ಮೊರದ ತುಂಬ ಅಕ್ಕಿ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ತಲೆ ಎತ್ತಿ ಕ್ಯಾಮೆರಾ ಹಿಡಿದವನಿಗೆ ಬೈಯುತ್ತಿದ್ದಾಳೆ, ಬೈಯುತ್ತಲೇ ನಗುತ್ತಿದ್ದಾಳೆ. ಅಷ್ಟು ಚುರುಕಾದ ಶಟರ್ ಅಲ್ಲವಲ್ಲ, ಬಲಗೈ ಅಲುಗಿ ಮಬ್ಬಾಗಿದೆ. ಸಾದಾ ಲೆನ್ಸಿನ ಗುಣದಂತೆ ಅಂಚುಗಳೆಲ್ಲ ಕರಗಿವೆ. ನಡುವೆ ಇದ್ದ ಮುಖ ಮಾತ್ರ ಸ್ಪಷ್ಟ. ಕಣ್ಣು ಪೂರ್ತಿ ತೆರೆದಿದೆ. ದೊಡ್ಡ ಕಣ್ಣು!

ಫೋನ್ ತಗೊಂಡು ಹೋಗಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

'ಇದು ಹಾಳಾದ ಫ್ರೇಮು ಕಣೋ. ಅಮ್ಮ ರೆಡಿಯಾಗೇ ಇರ್ಲಿಲ್ಲ. ರೀಲು ದಂಡ ಮಾಡ್ದೆ ಅಂತ ಬೈದ್ಲು. ಸ್ಟುಡಿಯೋದವನಿಗೆ ಇದೊಂದು ಪ್ರಿಂಟ್ ಹಾಕ್ಬೇಡ ಅಂತ ನಾನೇ ಹೇಳಿದ್ದೆ.'

ಇದ್ದದ್ದೇ ಹನ್ನೆರಡು. ಅದರಲ್ಲಿ ಒಂದು, ಕೆಲಸ ಮಾಡುತ್ತಿದ್ದ ತಾಯಿಗೆ. ಹಾಳಾಯಿತು ಅಂದುಕೊಂಡರೂ ನೆಗೆಟಿವ್ ಬಿಸಾಡಲಿಲ್ಲ. ನನ್ನ ಕೈಯಲ್ಲಿ ಲೆಕ್ಕವಿಲ್ಲದಷ್ಟಿದ್ದವು, ಒಂದೂ ಕೊಡಲಿಲ್ಲ. ಆ ಕ್ಯಾಮೆರಾ ಅಪ್ಪನನ್ನು ಹತ್ತಡಿ ದೂರ ನಿಲ್ಲಿಸಿತ್ತು. ನನ್ನನ್ನು ಯಾವ ಕ್ಯಾಮೆರಾ ನಿಲ್ಲಿಸಿತ್ತು? ಬೆಳಕು ಸರಿಯಿಲ್ಲ ಅಂದೆನಲ್ಲ, ಅಪ್ಪನ ಫೋಟೋದಲ್ಲಿ ಬೆಳಕು ಅಂದರೆ ಮೆಟ್ಟಿಲ ಮೇಲೆ ಬಿದ್ದ ನೆರಳು, ಅಷ್ಟೇ. ಅಜ್ಜಿ ಸೀರೆ ಬದಲಾಯಿಸಿಕೊಂಡು ಬಂದ ಮಧ್ಯಾಹ್ನವೂ ನಮ್ಮ ಮನೆ ಬಾಗಿಲಲ್ಲಿ ಅಂಥದೇ ನೆರಳಿತ್ತು.

ಮರುದಿನ ಅಪ್ಪನ ಫೋಟೋ ತೆಗೆಯೋಣ ಅಂತ ಡಿಎಸ್‌ಎಲ್‌ಆರ್ ಹಿಡಿದೆ. ಅಪ್ಪ ತಕ್ಷಣ ಎದೆ ಸೆಟೆಸಿ, ಗಲ್ಲ ಎತ್ತಿ, ಕಾರ್ಖಾನೆ ಪಾಸಿನ ಫೋಟೋದವರಾದರು. ಕ್ಯಾಮೆರಾ ಒಳಗಿಟ್ಟೆ. ಸಂಜೆ ಐದರ ಹೊತ್ತಿಗೆ ಅವರು ಬಾಗಿಲ ಬಳಿ ಕೂತು ಅಮ್ಮನ ಮಿಕ್ಸಿ ಬಿಚ್ಚುತ್ತಿದ್ದರು. ಮೂವತ್ತು ವರ್ಷ ಫಿಟ್ಟರ್ ಆಗಿದ್ದವರಿಗೆ ಸ್ಕ್ರೂಡ್ರೈವರ್ ಕೈಗೆ ಬಂದರೆ ಲೋಕ ಬೇಡ. ಟ್ಯೂಬ್‌ಲೈಟ್ ಆರಿಸಿದೆ. ಬಾಗಿಲಿಂದ ಬರುವ ಬೆಳಕು ಮಾತ್ರ ಉಳಿಯಿತು, ಮುಖದ ಒಂದು ಮಗ್ಗುಲಿಗೆ. ಫೋನನ್ನು ಮುಖದ ಹತ್ತಿರ ಹಿಡಿದರೆ ಮೂಗು ದಪ್ಪ ಬರುತ್ತೆ, ಅದರ ಮೇನ್ ಲೆನ್ಸು ಅಗಲದ್ದು. ಹಾಗಾಗಿ ಎರಡು ಹೆಜ್ಜೆ ಹಿಂದೆ ಸರಿದು ಟೂ ಎಕ್ಸ್ ಇಟ್ಟೆ. ಮುಖದ ಮೇಲೆ ಬೆರಳಿಟ್ಟು, ಪರದೆಯಲ್ಲಿ ಬಂದ ಸೂರ್ಯನ ಗುರುತನ್ನು ತುಸು ಕೆಳಗೆಳೆದೆ. ಕೂದಲ ಬಿಳುಪು ಹಿಡಿತಕ್ಕೆ ಬಂತು. ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿಕೊಂಡು ಕಾದೆ. ಫೋನ್ ಅಂದರೆ ಅಪ್ಪನಿಗೆ ಲೆಕ್ಕಕ್ಕಿಲ್ಲ, ಮಗ ಯಾವಾಗಲೂ ಅದನ್ನೇ ನೋಡ್ತಿರ್ತಾನೆ ಅಂದುಕೊಂಡರು.

ಒಂದು ಸ್ಕ್ರೂ ಉರುಳಿತು. ಹುಡುಕಿ ಸಿಕ್ಕಿದಾಗ ಒಬ್ಬರೇ ನಕ್ಕರು. ತೆಗೆದೆ.

ಸದ್ದು ಕೇಳಿ ತಲೆ ಎತ್ತಿದರು. 'ನಂದಾ?'

'ಹೂಂ ಅಪ್ಪ.'

'ಬನಿಯನ್ನಲ್ಲಿದೀನಲ್ಲೋ!' ಅಂದು ಮತ್ತೆ ಮಿಕ್ಸಿಗೆ ಬಗ್ಗಿದರು. ಸ್ವಲ್ಪ ಹೊತ್ತು ಬಿಟ್ಟು, ತಲೆ ಎತ್ತದೆ ಅಂದರು, 'ಇರ್ಲಿ ಬಿಡು, ಇಟ್ಕೋ. ಆಮೇಲೆ ಯಾರ್ಯಾರದೋ ಭುಜ ಕತ್ತರಿಸೋ ಕೆಲಸ ತಪ್ಪುತ್ತೆ.'

ಅಡುಗೆಮನೆಯಲ್ಲಿ ಅಮ್ಮ ಲೋಟ ಕುಕ್ಕಿದ ಸದ್ದು ಬಂತು. 'ಸಂಜೆ ಹೊತ್ತು ಎಂಥ ಮಾತು ಆಡ್ತೀರಿ ನೀವು!'

ಈಗ ಹಾಲಿನ ಗೋಡೆಯ ಮೇಲೆ ಮೊರ ಹಿಡಿದ ಅಜ್ಜಿ ಇದ್ದಾಳೆ. ಹಸಿರು ಸೀರೆಯವರನ್ನು ಇಳಿಸಿದ್ದೇವೆ. ಬಂದವರೆಲ್ಲ ಮೊದಲು ಕೇಳೋದು, 'ಯಾರಿಗೆ ಬೈತಿದಾರೆ ಇವರು?' ಅಂತ. ಅಪ್ಪ ಪ್ರತಿಸಲವೂ ಖುಷಿಯಿಂದ, 'ನಂಗೇ' ಅಂತಾರೆ.