ನೇರಳೆ ಬುಟ್ಟಿ ಮುಂದಿನ ಬೋರ್ಡು

ನಮ್ಮ ಬದುವಿನ ಎರಡು ನೇರಳೆ ಮರ ಈ ಸಲವೂ ಚೆನ್ನಾಗಿ ಬಿಟ್ಟಿದಾವೆ. ಒಂದು ನಾಟಿ, ಇನ್ನೊಂದು ಜಂಬು ನೇರಳೆ. ನೆಲಕ್ಕೆ ಬಿದ್ದರೆ ಹಣ್ಣು ಒಡೆದುಹೋಗುತ್ತೆ ಅಂತ ಹಳೇ ಸೀರೆಯ ನಾಲ್ಕು ಮೂಲೆ ಹಿಡಿದು ಕೊಂಬೆ ಅಲ್ಲಾಡಿಸ್ತೀವಿ. ಕಿತ್ತ ಹಣ್ಣು ಎರಡು ದಿನ ತಡೆಯಲ್ಲ, ಅವತ್ತೇ ಮಾರಬೇಕು.

ಹೋದ ವರ್ಷ ರಸ್ತೆ ಬದಿ ಬುಟ್ಟಿ ಇಟ್ಟಾಗ ರಟ್ಟಿನ ಮೇಲೆ "ಶುಗರಿಗೆ ರಾಮಬಾಣ" ಅಂತ ನಾನೇ ಬರೆದಿದ್ದೆ. ಕಾರು ನಿಲ್ಲಿಸಿ ತಗೊಂಡರು, ವ್ಯಾಪಾರ ಜೋರು. ಬೀಜ ಒಣಗಿಸಿ ಪುಡಿ ಮಾಡಿ ಅದನ್ನೂ ಮಾರಿದೆ.

ನಮ್ಮ ಭಾವನಿಗೆ ಹತ್ತು ವರ್ಷದಿಂದ ಶುಗರ್. ನನ್ನ ಬೋರ್ಡು ನಂಬಿದರು. ದಿನಾ ಅರ್ಧ ಕೆಜಿ ಹಣ್ಣು, ಅದು ಮುಗಿದ ಮೇಲೆ ಬೆಳಿಗ್ಗೆ ಒಂದು ಚಮಚ ಪುಡಿ, ಮಾತ್ರೆ ಬಂದ್. ಅಕ್ಕ ಫೋನು ಮಾಡಿ "ನಿಮ್ಮ ಭಾವ ಮಾತ್ರೆ ಬಿಟ್ಟವ್ರೆ ಕಣೋ" ಅಂದಳು. ನಾನು "ಇರ್ಲಿ ಬಿಡಕ್ಕ, ನೇರಳೆ ತಿಂತಾವ್ರಲ್ಲ" ಅಂದೆ. ಆ ಮಾತು ಈಗಲೂ ಎದೆಯಲ್ಲಿ ಚುಚ್ಚುತ್ತೆ. ಎರಡು ತಿಂಗಳಿಗೆ ಹೊಲದಲ್ಲಿ ಕಾಲಿಗೆ ಮುಳ್ಳು ತಗುಲಿ ಕೀವಾಯಿತು. ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯಲ್ಲೇ 312. ಒಂದು ಬೆರಳು ತೆಗೀಬೇಕಾಯ್ತು.

ಡಾಕ್ಟರಮ್ಮ ಬೈಲಿಲ್ಲ, ಬಿಡಿಸಿ ಹೇಳಿದರು. ನೇರಳೆಯಲ್ಲೂ 100 ಗ್ರಾಂ ತಿರುಳಿಗೆ ಸಕ್ಕರೆ, ಪಿಷ್ಟ ಸೇರಿ 14-15 ಗ್ರಾಂ ಇರುತ್ತಂತೆ. ಮಾವಿನ ಹಣ್ಣಿಗಿಂತ ಬಹಳ ಕಮ್ಮಿಯೇನಲ್ಲ. ಬಾಯಿಗೆ ಒಗರು ಅಂದಮಾತ್ರಕ್ಕೆ ಸಕ್ಕರೆ ಇಲ್ಲ ಅಂತಲ್ಲ. ಊಟದ ಲೆಕ್ಕದೊಳಗೆ ಒಂದು ಹಿಡಿ ತಿನ್ನಬಹುದು. ಬೀಜದ ಪುಡಿ ನಾಟಿ ಔಷಧಿಯಲ್ಲಿ ಹಿಂದಿನಿಂದಲೂ ಇದೆ, ಆದರೆ ಮಾತ್ರೆಯ ಜಾಗಕ್ಕೆ ಅದು ಬರಲ್ಲ. ಶುಗರ್ ಇಳಿಸೋ ಮಾತ್ರೆ ಜೊತೆ ಪುಡಿಯನ್ನೂ ತಗೊಂಡು ಊಟ ಬಿಟ್ಟರೆ ಶುಗರ್ 70ಕ್ಕಿಂತ ಕೆಳಗೆ ಇಳಿದು ಬೆವರು, ನಡುಕ ಬರಬಹುದು. ತಗೊಳ್ಳೋರು ಡಾಕ್ಟರಿಗೆ ಹೇಳಿಯೇ ತಗೋಬೇಕು.

ಈ ಸಲ ಪುಡಿ ಮಾಡಿಲ್ಲ. ರಟ್ಟಿನ ಮೇಲೆ "ನೇರಳೆ, ಇವತ್ತು ಕಿತ್ತದ್ದು" ಅಂತಷ್ಟೇ ಬರೆದಿದ್ದೀನಿ. ವ್ಯಾಪಾರ ಕಮ್ಮಿಯಾಗಿದೆ, ಸುಳ್ಳು ಹೇಳಲ್ಲ. "ಶುಗರಿಗೆ ಒಳ್ಳೇದಾ?" ಅಂದವರಿಗೆ "ರುಚಿಗೆ ತಿನ್ನಿ ಸ್ವಾಮಿ, ಮಾತ್ರೆ ಬಿಡಬೇಡಿ" ಅಂತೀನಿ.

ಮೊನ್ನೆ ಭಾವ ಬಂದಿದ್ದರು. ಎಂಟು ಹಣ್ಣು ಎಣಿಸಿ ಕೈಗೆ ಕೊಟ್ಟೆ. "ಲೆಕ್ಕ ಕಲ್ತೆ ಕಣಯ್ಯ" ಅಂತ ನಕ್ಕರು. ನನಗೆ ನಗು ಬರಲಿಲ್ಲ.