ಲಿಬ್ರೆ ಆಫೀಸ್‌ನಲ್ಲಿ ನನ್ನ ಮೊದಲ ಪಾಠ

ಚನ್ನಪಟ್ಟಣದ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ. ಅಂದು ಎಂಟನೇ ತರಗತಿಗೆ ಘರ್ಷಣೆಯ ಪಾಠ. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಮಾಗಡಿಯ ಮನೆಯಲ್ಲಿ ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದ ಸ್ಲೈಡುಗಳನ್ನು ಶಾಲೆಯ ಕಂಪ್ಯೂಟರಿನಲ್ಲಿದ್ದ ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲಿ ತೆರೆದೆ. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು!

"ಮಿಸ್, ಇದ್ಯಾವ ಭಾಷೆ?" ಎಂದಳು ಮುಂದಿನ ಸಾಲಿನ ಹುಡುಗಿ. ತರಗತಿಯೆಲ್ಲ ನಕ್ಕಿತು. ಪ್ರೊಜೆಕ್ಟರ್ ಆರಿಸಿ, ಚೀಲದಲ್ಲಿದ್ದ ಅರಗಿನ ಬಣ್ಣದ ಬುಗುರಿಯನ್ನು ಮೇಜಿನ ಮೇಲೆ, ಆಮೇಲೆ ಗೋಣಿತಾಟಿನ ಮೇಲೆ ತಿರುಗಿಸಿದೆ. ಎಲ್ಲಿ ಬೇಗ ನಿಂತಿತು, ಏಕೆ ಎಂಬುದನ್ನು ಮಕ್ಕಳೇ ಹೇಳಿದರು.

ತಪ್ಪು ತಂತ್ರಾಂಶದ್ದಲ್ಲ, ನನ್ನದು. ಆ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ಕೊಟ್ಟಿರುತ್ತಾರೆ. ಫಾಂಟ್ ಇಲ್ಲದ ಕಡೆ ಆಕಾರ ಕಳಚಿಹೋಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ.

ಅಂದು ಸಂಜೆಯೇ ಲಿಬ್ರೆ ಆಫೀಸನ್ನು ಉಚಿತವಾಗಿ ಇಳಿಸಿಕೊಂಡೆ. ಆಪ್ಷನ್ಸ್‌ನ ಭಾಷಾ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಕನ್ನಡ ಆರಿಸಿದೆ. ಸ್ಲೈಡುಗಳನ್ನು ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿ, ತಿದ್ದಲು ಒಡಿಪಿ ರೂಪದಲ್ಲಿ, ತೋರಿಸಲು ಪಿಡಿಎಫ್ ರೂಪದಲ್ಲಿ ಉಳಿಸಿದೆ.

ವೀಕ್ಷಣಾ ಪುಸ್ತಕದಲ್ಲಿ ಉಪನ್ಯಾಸಕರು ಎರಡೇ ಮಾತು ಬರೆದಿದ್ದರು: ಬುಗುರಿ ಚಟುವಟಿಕೆ ಚೆನ್ನಾಗಿದೆ, ಉಪಕರಣಗಳನ್ನು ತರಗತಿಗೆ ಮುನ್ನ ಪರೀಕ್ಷಿಸಿ.

ಮುಂದಿನ ವಾರ ಪುನರವಲೋಕನಕ್ಕೆ ಬೆಳಿಗ್ಗೆಯೇ ಹೋಗಿ, ಶಾಲೆಯ ಕಂಪ್ಯೂಟರಿನಲ್ಲೇ ಸ್ಲೈಡು ತೆರೆದು ನೋಡಿದೆ. ತರಗತಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅದೇ ಹುಡುಗಿ ಗಟ್ಟಿಯಾಗಿ ಓದಿದಳು: "ಘರ್ಷಣೆ."