ವಿಲ್ಡರ್‌ನೆಸ್ ಕಾಡಿನ ಧ್ವಜಧಾರಿ

ವರ್ಜೀನಿಯಾದ ವಿಲ್ಡರ್‌ನೆಸ್ ಹೆಸರಿಗೆ ಮಾತ್ರ ಆದಿಮ ಅರಣ್ಯ. ಕಬ್ಬಿಣದ ಕುಲುಮೆಗಳಿಗಾಗಿ ಹೆಮ್ಮರಗಳನ್ನು ಕಡಿದ ಮೇಲೆ ಅಲ್ಲಿ ಹಬ್ಬಿದುದು ಎಳೆಮರಗಳೂ ಮುಳ್ಳುಪೊದೆಗಳೂ ಹೆಣೆದುಕೊಂಡ ದಟ್ಟಣೆ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಮೇ ತಿಂಗಳು, ಎರಡು ಸೇನೆಗಳು ಸೆಣಸಿದುದು ಇಲ್ಲಿಯೇ. ತರಗೆಲೆಗೆ ತಾಗಿದ ಕಿಡಿ ಗಾಯಾಳುಗಳನ್ನು ಜೀವಸಹಿತ ದಹಿಸಿತು. ಅಂಥ ಹೊಗೆಯಲ್ಲಿ ಸೈನಿಕನಿಗೆ ತನ್ನವರ ಗುರುತು ಧ್ವಜವೊಂದೇ.

ಮೇ 6ರಂದು ಒಕ್ಕೂಟದ ಸಾಲು ಮುರಿದಾಗ ಮ್ಯಾಸಚೂಸೆಟ್ಸಿನ 57ನೆಯ ದಳದ ಧ್ವಜಧಾರಿ ಲಿಯೊಪೋಲ್ಡ್ ಕಾರ್ಪಲೆಸ್ ಕದಲಲಿಲ್ಲ. ಪ್ರಾಗ್ ನಗರದಲ್ಲಿ ಹುಟ್ಟಿ ವಲಸೆ ಬಂದ ಯಹೂದಿ ಆತ. ಧ್ವಜವೆತ್ತಿದವನತ್ತಲೇ ಗುಂಡುಗಳು ಬರುವುವೆಂಬುದು ಆತನಿಗೆ ತಿಳಿಯದ ಸಂಗತಿಯೇ? ಓಡುತ್ತಿದ್ದವರು ಅದರ ಸುತ್ತ ನೆರೆದರು; ಶತ್ರುವಿನ ಮುನ್ನಡೆಗೆ ತಡೆಯಾಯಿತು. 1870ರಲ್ಲಿ ಆತನಿಗೆ ‘ಮೆಡಲ್ ಆಫ್ ಆನರ್’ ದೊರೆಯಿತು. ಕದನಭೂಮಿಯ ಒಂದು ಭಾಗ ಈಗ ರಾಷ್ಟ್ರೀಯ ಉದ್ಯಾನ. ಹಳೆಯ ಕಂದಕಗಳ ಮೇಲೆ ಮರಗಳ ನೆರಳು.